ಕಟ್ಟಿದ ಕುಡಿ

ಗುಡ್ಡ ಬೋಳಾಗಿರಲಿಲ್ಲ. ಬೋಳಾಗಿದೆ ಎಂದು ಬರೆದರು.

ಬರೆದವರು ಗುಡ್ಡ ಹತ್ತಿರಲಿಲ್ಲ. ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ ಕೆಳಗೆ ಬೇವಿನ ಮರದಡಿ ಜೀಪು ನಿಲ್ಲಿಸಿದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಬರೆದುಕೊಂಡರು. ಎಲೆ ಉದುರಿದ ಮರ ಯಾವುದು, ಸತ್ತ ಮರ ಯಾವುದು ಎಂದು ತಿಳಿಯಬೇಕಾದರೆ ಹತ್ತಿರ ಹೋಗಬೇಕು, ಉಗುರಿನಿಂದ ತೊಗಟೆ ಕೆರೆದು ನೋಡಬೇಕು. ಅಷ್ಟು ದೂರ ನಡೆಯುವ ಬೂಟು ಅವರ ಕಾಲಲ್ಲಿರಲಿಲ್ಲ.

ನಮ್ಮೂರು ಹಾನಗಲ್ ತಾಲೂಕಿನಲ್ಲಿ, ಆಡೂರಿನಿಂದ ಆಚೆ. ಊರ ಹಿಂದೆ ನಮ್ಮ ಕೇರಿ, ಕೇರಿಯ ಹಿಂದೆ ಗುಡ್ಡ. ಊರಿನವರಿಗೆ ಹೊಲ ಇವೆ. ನಮಗೆ ಗುಡ್ಡ ಇದೆ. ಒಲೆಗೆ ಪುಳ್ಳಿ ಅಲ್ಲಿಂದ, ಆಡಿಗೆ ಸೊಪ್ಪು ಅಲ್ಲಿಂದ, ಸಂತೆಗೆ ಒಯ್ಯುವ ನೆಲ್ಲಿಕಾಯಿ ಅಲ್ಲಿಂದ. ಮನೆಯಲ್ಲಿ ಗ್ಯಾಸಿನ ಸಿಲಿಂಡರ್ ಇಲ್ಲವೆಂದಲ್ಲ. ಇದೆ. ಅದರ ಮೇಲೆ ಕೂತು ನನ್ನ ಮಗಳು ನೀಲಾ ಓದುತ್ತಾಳೆ.

ಗುಡ್ಡದಲ್ಲಿ ದೊಡ್ಡ ಮರ ಕಡಿಮೆ, ಅದು ನಿಜ. ಯಾವ ಕಾಲದಲ್ಲೋ ಗುತ್ತಿಗೆದಾರರು ಕಡಿದು ಒಯ್ದರು. ಬೊಡ್ಡೆಗಳು ಉಳಿದವು. ಮತ್ತಿಯ ಬೊಡ್ಡೆ, ಹೊನ್ನೆಯ ಬೊಡ್ಡೆ, ದಿಂಡಲದ ಬೊಡ್ಡೆ. ಬೇರು ಸತ್ತಿಲ್ಲ. ಮಳೆ ಬಿದ್ದರೆ ಒಂದೊಂದು ಬೊಡ್ಡೆಯ ಸುತ್ತ ಹತ್ತು ಹನ್ನೆರಡು ಕುಡಿ ಏಳುತ್ತವೆ. ಪುಳ್ಳಿಗೆ ಹೋಗುವ ನಮ್ಮ ಹೆಂಗಸರಲ್ಲಿ ಒಂದು ನೇಮ ಇದೆ. ಎಲ್ಲ ಕುಡಿ ಕಡಿಯುವಂತಿಲ್ಲ. ಬೊಡ್ಡೆಗೊಂದು ಕುಡಿ ಬಿಡಬೇಕು. ಬಿಟ್ಟದ್ದಕ್ಕೆ ಹಳೆ ಸೀರೆಯ ಚಿಂದಿ ಕಟ್ಟಬೇಕು. ಕಟ್ಟಿದ ಕುಡಿಯನ್ನು ಯಾರೂ ಮುಟ್ಟುವುದಿಲ್ಲ. ಮನೆಯಲ್ಲಿ ಒಲೆ ಹೊತ್ತದಿದ್ದರೂ ಮುಟ್ಟುವುದಿಲ್ಲ.

ಬಡಗಣ ಮಗ್ಗುಲಿನಲ್ಲಿ ಒಂದು ಹೊನ್ನೆ ಇದೆ. ಅದಕ್ಕೆ ಚಿಂದಿ ಕಟ್ಟಿದವಳು ನಮ್ಮವ್ವ. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆ. ಚಿಂದಿ ಕರಗಿತು. ಅವ್ವ ಹೋದಳು. ಹೊನ್ನೆ ಈಗ ನನ್ನ ಸೊಂಟದಷ್ಟು ದಪ್ಪ. ಮಗಳನ್ನು ಹೆತ್ತ ಮೇಲಿನ ಸೊಂಟ.

ಅಂಥ ಗುಡ್ಡವನ್ನು, ಜೀಪಿನವರು ಬೋಳು ಎಂದು ಬರೆದದ್ದನ್ನು ನಂಬಿ, ಪಂಚಾಯಿತಿಯವರು 'ಹಸಿರು ಹೊದಿಕೆ' ಎಂಬ ಸಂಸ್ಥೆಗೆ ಹತ್ತು ವರ್ಷಕ್ಕೆ ಬರೆದುಕೊಟ್ಟರು. ಸಂಸ್ಥೆಗೆ ರೊಕ್ಕ ಕೊಡುವುದು ಬೆಂಗಳೂರಿನ ಒಂದು ಕಂಪನಿ. ಆ ಕಂಪನಿಯ ಮೇಡಂ ಊಟಿಗೆ ಹೋಗಿದ್ದರಂತೆ. ಅಲ್ಲಿ ಪೈನ್ ಮರ ನೋಡಿದರಂತೆ. ಇಂಥದ್ದೇ ಕಾಡು ಬೇಕು ಎಂದರಂತೆ. ಮೇಡಂ ಊಟಿಗೆ ಹೋದದ್ದಕ್ಕೆ ನಮ್ಮ ಸೊಂಟ ಮುರಿಯಿತು.

ಸಂಸ್ಥೆಯ ಸಂಜಯ ಸಾಹೇಬರು ಬಂದು ಭಾಷಣ ಮಾಡಿದರು. ಎಳೆಯ ವಯಸ್ಸು, ಹೊಸ ಟೊಪ್ಪಿಗೆ.

"ಐದು ವರ್ಷದಾಗ ನಿಮ್ಮ ಗುಡ್ಡ ಊಟಿ ಆಗತೈತಿ. ಸಿನಿಮಾದವರು ಶೂಟಿಂಗಿಗೆ ಬರ್ತಾರ."

ಮುದಕವ್ವತ್ತಿ ಮುಂದೆ ಕೂತಿದ್ದಳು. ನಮ್ಮ ಕೇರಿಗೇ ಹಿರಿಯಳು. ಬಾಯಲ್ಲಿ ಮೂರು ಹಲ್ಲು, ಮೂರೂ ಚೂಪು.

"ಊಟಿ ಅಂದ್ರ ಏನ್ರಿ ಸಾಹೇಬ್ರ?"

"ಥಂಡಿ ಊರಬೇ ಅಜ್ಜಿ. ಅಲ್ಲಿ ತುಂಬ ಪೈನ್ ಗಿಡ ಅದಾವ."

"ಅಲ್ರಿ, ಗಿಡ ಅದಾವಂತ ಥಂಡಿ ಐತೋ, ಥಂಡಿ ಐತಂತ ಗಿಡ ಅದಾವೋ?"

ಸಾಹೇಬರು ಫೋನ್ ನೋಡಿಕೊಂಡರು.

ಕೆಲಸ ಶುರುವಾಯಿತು. ನಾನು, ಮುದಕವ್ವತ್ತಿ, ಶಾಹೀನ, ಇನ್ನೂ ಹತ್ತು ಹೆಂಗಸರು. ಶಾಹೀನ ಹುಲಗೂರಿನಿಂದ ನಮ್ಮೂರಿಗೆ ಬಂದ ಸೊಸೆ, ನನ್ನ ಜೋಡಿ ಆಳು. ನಮ್ಮ ಮೇಲೆ ಮುಕಾದಮ ಕರಬಸಪ್ಪ. ಊರೊಳಗಿನವನು, ನಾಲ್ಕು ಕೂರಿಗೆ ಹೊಲದ ಧಣಿ. ಮೊಣಕಾಲು ನೋವೆಂದು ಅವನು ಗುಡ್ಡ ಹತ್ತುತ್ತಿರಲಿಲ್ಲ. ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಕೂಗುತ್ತಿದ್ದ. ಅವನ ದನಿಗೆ ಮಾತ್ರ ಮೊಣಕಾಲು ನೋವಿರಲಿಲ್ಲ.

ಮೊದಲ ಹುಕುಂ: ತೆಂಕಣ ಮಗ್ಗುಲಿನ 'ಕಸ' ತೆಗೆಯಬೇಕು. ಕಸ ಎಂದರೆ ಬೊಡ್ಡೆಯಿಂದ ಎದ್ದ ಕುಡಿಗಳು. ಕಡಿದೆವು. ಕಟ್ಟಿದವನ್ನು ಬಿಟ್ಟೆವು. ಯಾರೂ ಬಿಡು ಎಂದು ಹೇಳಲಿಲ್ಲ. ಕೈ ತಾನೇ ಬಿಟ್ಟಿತು.

ಎರಡನೇ ಹುಕುಂ: ತಗ್ಗು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ನಮ್ಮ ಗುಡ್ಡದ ಗರಸು ಮಣ್ಣು ನೆಲವಲ್ಲ, ದವಡೆ. ಹಾರೆ ಎತ್ತಿ ಹಾಕಿದರೆ ಹಾರೆ ಪುಟಿದು ಬರುತ್ತದೆ. ಆ ಪೆಟ್ಟು ಮೊಣಕೈಯಿಂದ ಏರಿ ಹಲ್ಲಿಗೆ ಬಡಿಯುತ್ತದೆ. ದಿನಕ್ಕೆ ಇಪ್ಪತ್ತು ತಗ್ಗು. ಮೂರನೇ ದಿನ ಅಂಗೈ ಹಪ್ಪಳದ ಹಾಗೆ ಎದ್ದಿತು. ಐದನೇ ದಿನ ಒಡೆಯಿತು. ಮನೆಗೆ ಹೋಗಿ ರೊಟ್ಟಿ ಬಡಿಯಲು ಆಗಲಿಲ್ಲ. ನೀಲಾ ಬಡಿದಳು. ಕರ್ನಾಟಕದ ನಕಾಶೆ ಬಂತು. ತಿಂದೆ.

ಮಧ್ಯಾಹ್ನಕ್ಕೆ ಚಹಾ. ಮೂರು ಕಲ್ಲಿನ ಒಲೆ, ಕರಬಸಪ್ಪನೇ ಕಾಸುತ್ತಿದ್ದ. ಪುಳ್ಳಿ ತರುವವಳು ನಾನು.

"ಏ ಮಾದೇವಿ, ಅಲ್ಲೇ ಇಡು. ಒಲಿ ಮುಟ್ಟಬ್ಯಾಡ."

ಪುಳ್ಳಿ ಮುಟ್ಟಿದರೆ ನಡೆಯುತ್ತದೆ. ಬೆಂಕಿಗೆ ಹೋಗಿ ಶುದ್ಧವಾಗುತ್ತದೇನೋ. ಒಲೆ ಕಲ್ಲು ಮುಟ್ಟಿದರೆ ನಡೆಯುವುದಿಲ್ಲ. ನಮ್ಮ ಲೋಟಕ್ಕೆ ಅವನು ಒಂದು ಮೊಳ ಎತ್ತರದಿಂದ ಚಹಾ ಸುರಿಯುತ್ತಿದ್ದ. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ.

"ಸುರೀಲಿ ಬಿಡ, ಮಾದೇವಿ," ಎನ್ನುತ್ತಿದ್ದಳು ಶಾಹೀನ. "ಗುಡ್ಡಕ್ಕೂ ಚಾದ ಚಟ ಹತ್ತಲಿ. ನಾಳಿ ಅದೂ ಕೆಲಸ ಬಿಟ್ಟು ಕುಂದರತೈತಿ, ಇವನಂಗ."

ಜೂನಿನಲ್ಲಿ ಲಾರಿಯ ತುಂಬ ಪೈನ್ ಸಸಿ ಬಂದವು. ಗೇಣುದ್ದ. ಎಲೆ ಇಲ್ಲ, ಬರೇ ಸೂಜಿ. ನಾವು ಸೂಜಿಗಿಡ ಎಂದೆವು. ಸಾವಿರದೈನೂರು ಸಸಿ ತಲೆಯ ಮೇಲೆ ಹೊತ್ತು ಹತ್ತಿಸಿ ನೆಟ್ಟೆವು. ನೆಟ್ಟ ದಿನ ಫೋಟೋ ತೆಗೆದರು. ಸಾಹೇಬರು ಸಸಿ ಹಿಡಿದರು, ಕರಬಸಪ್ಪ ಸಾಹೇಬರ ಮೊಣಕೈ ಹಿಡಿದ. ನನ್ನ ಕೈಯಲ್ಲಿ ಗುದ್ದಲಿ ಇತ್ತು. "ಏ, ನೀ ಸ್ವಲ್ಪ ಸರಿ, ಬೆಳಕು ಅಡ್ಡ ಆಗತೈತಿ" ಎಂದರು. ಸರಿದೆ. ಫೋಟೋದಲ್ಲಿ ನನ್ನ ಗುದ್ದಲಿಯ ತುದಿ ಬಂದಿದೆ. ಗುದ್ದಲಿ ನನಗಿಂತ ನಸೀಬವಂತ.

ಸೂಜಿಗಿಡಗಳು ದೀಪಾವಳಿಗೆ ಕೆಂಪಾದವು. ಕೊಡ ಹೊತ್ತು ನೀರು ಹಾಕಿದೆವು. ಕುತ್ತಿಗೆ ಇಳಿಯಿತು, ಗಿಡ ಏಳಲಿಲ್ಲ. ಶಿವರಾತ್ರಿಗೆ ಸಾವಿರದೈನೂರೂ ಸತ್ತವು. ಒಂದೂ ಉಳಿಯಲಿಲ್ಲ.

ಮುದಕವ್ವತ್ತಿ ಕೆಳಗೆ ಹೋಗಿ ಕರಬಸಪ್ಪನಿಗೆ ಹೇಳಿದಳು. "ಈ ನೆಲದಾಗ ನಾ ಆಡು ಕಟ್ಟಾಕ ಹುಗದ ಹಾಲವಾಣದ ಗೂಟ ಚಿಗತೈತೋ ಯಪ್ಪಾ. ನಿನ್ನ ಗಿಡ ಯಾಕ ಚಿಗೀವಲ್ದು?"

"ನಿನಗೇನ್ ತಿಳೀತೈತಿ? ಸುಮ್ನ ಕೆಲಸ ಮಾಡು."

ಸತ್ತ ಸೂಜಿಗಿಡಕ್ಕೆ ಒಂದು ಗುಣ ಇತ್ತು. ಅದರಲ್ಲಿ ಎಂಥದೋ ಅಂಟು, ಕಡ್ಡಿ ಗೀರಿದರೆ ಭಗ್ಗೆನ್ನುತ್ತಿತ್ತು. ದಿನಾ ಹದಿನೈದು ಇಪ್ಪತ್ತು ಕಿತ್ತು ಒಲೆಯ ಪಕ್ಕ ಇಡತೊಡಗಿದೆ. ಕರಬಸಪ್ಪ ಖುಷಿಯಾದ.

"ಭಾಳ ಚಲೋ ಪುಳ್ಳಿ ತಂದೀಯಲ್ಲಬೇ. ಎಲ್ಲೀದು?"

"ಗುಡ್ಡದ್ದರಿ."

"ದಿನಾ ಇದನ್ನ ತಾ."

ತಂದೆ. ಬೇಸಗೆ ಪೂರ್ತಿ ಸಾಕಾಗುವಷ್ಟು ಇದ್ದವು.

ಅಷ್ಟರಲ್ಲಿ ಮೂರನೇ ಹುಕುಂ ಬಂತು. ಒಂದು ಚೀಲ ತಗಡಿನ ಬಿಲ್ಲೆ. ಒಂದೊಂದರ ಮೇಲೆ ಒಂದೊಂದು ನಂಬರ್, ಒಂದೊಂದಕ್ಕೆ ತಂತಿ. ಒಂದರಿಂದ ಸಾವಿರದೈನೂರರವರೆಗೆ.

"ಉಳಿದ ಗಿಡಕ್ಕ ಕಟ್ರಿ. ಫೋಟೋ ತಗೀರಿ. ನಂಬರ ದೊಡ್ಡದಾಗಿ ಕಾಣಬೇಕು," ಎಂದ ಕರಬಸಪ್ಪ. "ಇನ್ನೊಂದು ನೆನಪಿಡ್ರಿ. ಬಿಲ್ಲಿ ಬಿದ್ದ ಗಿಡ ಸಂಸ್ಥಾದ್ದು. ಅದನ್ನ ಯಾರರ ಮುಟ್ಟಿದ್ರ ಮರುದಿನ ಕೆಲಸ ಇಲ್ಲ. ಸಾಹೇಬ್ರ ಬರದು ಕೊಟ್ಟಾರ."

ತಾಯಾಣೆ ಹೇಳುತ್ತೇನೆ, ನಾವು ಮೋಸ ಮಾಡಲಿಲ್ಲ. ಚೀಲ ಹೊತ್ತು ಗುಡ್ಡ ಹತ್ತಿದೆವು. ನಮಗೆ ಗಿಡಕ್ಕೆ ಏನಾದರೂ ಕಟ್ಟುವುದೆಂದರೆ ಒಂದೇ ಕೆಲಸ ಗೊತ್ತು. ಬದುಕಲು ಬಿಟ್ಟ ಕುಡಿಗೆ ಕಟ್ಟುವುದು. ಇಷ್ಟು ದಿನ ಚಿಂದಿ ಕಟ್ಟುತ್ತಿದ್ದೆವು, ಈಗ ಸಾಹೇಬರು ತಗಡು ಕೊಟ್ಟಿದ್ದಾರೆ. ಚಿಂದಿ ಬಿಚ್ಚಿದೆವು, ಬಿಲ್ಲೆ ಕಟ್ಟಿದೆವು. ಮತ್ತಿಗೆ, ಹೊನ್ನೆಗೆ, ದಿಂಡಲಕ್ಕೆ, ನೆಲ್ಲಿಗೆ.

"ಇದು ಒಳ್ಳೇದಾತು ನೋಡು," ಎಂದಳು ಮುದಕವ್ವತ್ತಿ. "ತಗಡ ಕರಗಂಗಿಲ್ಲ. ಸೀರಿನೂ ಉಳೀತು."

ಶಾಹೀನ ಕರಬಸಪ್ಪನ ಫೋನ್ ಹಿಡಿದು ಒಂದೊಂದೇ ಫೋಟೋ ತೆಗೆದಳು. ನಂಬರ್ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಗಿಡವೇ ಕಾಣಲಿಲ್ಲ. ಸಾವಿರದ ನಾನೂರಾ ನಲವತ್ತು ಬಿಲ್ಲೆ ಆದವು. ಅರವತ್ತು ಉಳಿದವು. ಆ ಅರವತ್ತು ನನ್ನ ಚೀಲದಲ್ಲೇ ಉಳಿದವು.

ಸಂಸ್ಥೆಯ ಲೆಕ್ಕದಲ್ಲಿ ಸಾವಿರದೈನೂರು ಪೈನ್ ಗಿಡಗಳಲ್ಲಿ ಅರವತ್ತು ಮಾತ್ರ ಸತ್ತವು. ಪೈನ್ ಗಿಡ ಹುಟ್ಟಿದ ಸೀಮೆಯಲ್ಲೂ ಅಷ್ಟು ಬದುಕುತ್ತವೋ ಇಲ್ಲವೋ. ಸಾಹೇಬರಿಗೆ ಬೆಂಗಳೂರಿನಲ್ಲಿ ಶಾಲು ಹೊದಿಸಿದರು. ಕರಬಸಪ್ಪ ಕೇರಿಯ ಬಾಯಿಗೆ ಬಂದು, ಒಳಗೆ ಬಾರದೆ, ಅಲ್ಲಿಂದಲೇ ಕೂಗಿ ಹೇಳಿದ.

"ಮೇಡಂ ಖುಷಿ ಆಗ್ಯಾರ! ಇದೇ ಮಳಿಗಾಲಕ್ಕ ಬಡಗಣ ಮಗ್ಗಲೂ ಪೈನ್! ಅಲ್ಲಿ ಇದ್ದದ್ದೆಲ್ಲ ಬುಡಸಹಿತ ತಗೀಬೇಕು. ಬೊಡ್ಡಿನೂ ಕೀಳಬೇಕು. ಜೆಸಿಬಿ ಬರತೈತಿ!"

ನಾನು ಹೊಸ್ತಿಲ ಮೇಲೆ ಕೂತೆ. ತೆಂಕಣ ಮಗ್ಗುಲಿನಲ್ಲಿ ಕುಡಿಯನ್ನಾದರೂ ಬಿಟ್ಟಿದ್ದೆವು. ಬೊಡ್ಡೆ ಕಿತ್ತರೆ ಬೇರು ಹೋಗುತ್ತದೆ. ಬೇರು ಹೋದರೆ ಗುಡ್ಡ ನಿಜವಾಗಿಯೂ ಬೋಳು. ಅವ್ವನ ಹೊನ್ನೆ, ನೆಲ್ಲಿ, ನಾಳೆಯ ಒಲೆ, ಎಲ್ಲ ಅಲ್ಲೇ ಇತ್ತು. ಅದನ್ನು ಕಳೆದದ್ದು ಯಾರು? ಬಿಲ್ಲೆ ಕಟ್ಟಿದ ನಾವು. ಅಗೆದು ಅಗೆದು ನಮ್ಮ ತಗ್ಗನ್ನು ನಾವೇ ತೋಡಿದ್ದೆವು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ.

"ಖರೇ ಹೇಳಿಬಿಡೂಣ," ಎಂದಳು ಶಾಹೀನ.

"ಯಾರಿಗೆ?"

"ಅದೂ ಖರೇ."

ಮೇ ಕೊನೆಗೆ ಎರಡು ಅಡ್ಡಮಳೆ ಬಿದ್ದವು. ಗುಡ್ಡ ಹಸಿರಾಯಿತು. ಮೇಡಂ ಬಂದರು. ಒಳ್ಳೆ ಹೆಣ್ಣುಮಗಳು, ಸುಳ್ಳು ಹೇಳಬಾರದು. ಬೂಟು ಹಾಕಿಕೊಂಡು ಬಂದಿದ್ದರು, ಹತ್ತುವ ಬೂಟು. ಬೇವಿನ ಮರದಡಿ ಕರಬಸಪ್ಪ ಚಹಾ ಕೊಟ್ಟ. ಕಪ್ಪು ಹಿಡಿದುಕೊಂಡೇ ಹತ್ತಿದರು. ಹಿಂದೆ ಸಾಹೇಬರು. ಅವರ ಹಿಂದೆ ಕರಬಸಪ್ಪ, ಮೊಣಕಾಲು ನೋವೆಂದು ಮೇಡಂ ಎದುರು ಹೇಳಲಾರದೆ. ಫೋಟೋದವನು. ಎಲ್ಲರ ಹಿಂದೆ ನಾವು.

ಬಡಗಣ ಮಗ್ಗುಲಿನಲ್ಲಿ ಮುಹೂರ್ತ. ಹಳೆಯದನ್ನು ಕಡಿದು ಹೊಸದು ನೆಡುವ ವಿಡಿಯೋ. ಮೇಡಂ ಕೈಯಲ್ಲಿ ಒಂದು ಸೂಜಿ ಸಸಿ. ಸಾಹೇಬರು ನನ್ನ ಕೈಗೆ ಕೊಡಲಿ ಕೊಟ್ಟರು. ಈ ಸಲ ಆಚೆ ಸರಿ ಎನ್ನಲಿಲ್ಲ. ಕಡಿಯುವವಳು ಫೋಟೋದಲ್ಲಿ ಬೇಕು.

"ಹೂಂ, ಹೊಡಿ," ಎಂದರು.

ಎದುರಿಗೆ ಇದ್ದದ್ದು ಅವ್ವನ ಹೊನ್ನೆ.

ಕೊಡಲಿ ಕೆಳಗಿಟ್ಟೆ. ಹೊನ್ನೆಯ ಬುಡದಲ್ಲಿ, ಬೊಡ್ಡೆಯ ಮೇಲೆ ಕೂತೆ.

"ಯಾಕ? ಏನಾತು?"

"ಕಡಿಯಂಗಿಲ್ಲರಿ."

"ಏ ಮಾದೇವಿ, ಏಳು! ವಿಡಿಯೋ ನಡದೈತಿ!" ಕರಬಸಪ್ಪ ಏದುಸಿರು ಬಿಡುತ್ತ ಕೂಗಿದ.

"ನಡೀಲಿ. ನಾ ಎಲ್ಲಿ ಓಡಿ ಹೊಂಟೇನಿ?"

ಮೇಡಂ ಮುಂದೆ ಬಂದರು. "ಏನು ಹೇಳ್ತಾ ಇದ್ದಾರೆ ಇವರು? ಯಾಕಮ್ಮ ಕಡಿಯಲ್ಲ?"

"ಇದು ಕಟ್ಟಿದ ಕುಡಿ ಅಕ್ಕಾರ. ನಮ್ಮವ್ವ ಕಟ್ಟಿದ್ದು. ನೀವು ಯಾವ ಗಿಡಕ್ಕಂತ ಸಾಹೇಬ್ರಿಗೆ ಶಾಲು ಹೊದಿಸಿದ್ರೋ, ಅವೂ ಎಲ್ಲಾ ಕಟ್ಟಿದ ಕುಡಿನ. ಆಚಿ ಮಗ್ಗಲದಾಗ ಪೈನ್ ಒಂದೂ ಇಲ್ಲ."

ಮೇಡಂ ಸಾಹೇಬರ ಮುಖ ನೋಡಿದರು. "ಸಂಜಯ್, ಸಾವಿರದ ನಾನೂರು ಗಿಡ ಇದೆ ಅಂದ್ರಲ್ಲ? ಒಂದು ತೋರಿಸಿ."

ದಿಬ್ಬ ದಾಟಿ ಎಲ್ಲರೂ ತೆಂಕಣ ಮಗ್ಗುಲಿಗೆ ನಡೆದೆವು. ಸಾಹೇಬರು ಬಿಲ್ಲೆ ಇದ್ದ ಒಂದು ಮತ್ತಿಯ ಮುಂದೆ ನಿಂತರು. ಅಂಗೈಯಗಲ ಎಲೆ, ಫಳಫಳ ಹೊಳೆಯುತ್ತಿತ್ತು. ಮೇಡಂ ತಮ್ಮ ಕೈಯ ಸೂಜಿ ಸಸಿ ನೋಡಿದರು. ಮತ್ತಿ ನೋಡಿದರು.

"ಇದು ಪೈನಾ?"

ಸಾಹೇಬರು ಬಾಯಿ ತೆರೆಯುವ ಮೊದಲೇ ಕರಬಸಪ್ಪ ಕೈ ಮುಗಿದ. "ಹೌದ್ರಿ ಮೇಡಮ್ಮಾರ. ಇನ್ನಾ ಎಳೇದೈತ್ರಿ. ಸಣ್ಣದಿದ್ದಾಗ ಎಲಿ ಅಗಲ ಇರತಾವ್ರಿ. ದೊಡ್ಡದಾದಂಗ ಸೂಜಿ ಆಕ್ಕಾವ್ರಿ."

ಶಾಹೀನ ಸೆರಗು ಬಾಯಿಗೆ ತುರುಕಿಕೊಂಡಳು. ಮುದಕವ್ವತ್ತಿ ತುರುಕಿಕೊಳ್ಳಲಿಲ್ಲ. "ಹಂಗಾದ್ರ ನಿನ್ನ ಬುದ್ಧಿ ಯಾವಾಗ ಸೂಜಿ ಆಗತೈತೋ ಕರಬಸಪ್ಪಾ? ಐವತ್ತು ವರ್ಷ ಆತು, ಇನ್ನಾ ಅಗಲ ಐತಿ!"

ಫೋಟೋದವನು ನಕ್ಕುಬಿಟ್ಟ. ಅವನ ಕೈ ಅಲುಗಿ ವಿಡಿಯೋ ಕೂಡ ನಕ್ಕಿತು.

ಮೇಡಂ ನಗಲಿಲ್ಲ. ನನ್ನ ಕಡೆ ತಿರುಗಿದರು. "ಹಾಗಾದ್ರೆ ನಾವು ಕಳಿಸಿದ ಪೈನ್ ಎಲ್ಲಿ?"

"ನಿಮ್ಮ ಕೈಯಾಗ ಐತ್ರಿ ಅಕ್ಕಾರ."

ಅವರು ಸಸಿ ನೋಡಿದರು.

"ಆ ಕೈ ಅಲ್ರಿ. ಕಪ್ಪ ಇದ್ದ ಕೈ. ಆ ಚಾ ಕುದ್ದದ್ದು ಅದರ ಬೆಂಕ್ಯಾಗ."

ಮೇಡಂ ಕಪ್ಪಿನೊಳಗೆ ಇಣುಕಿದರು. ತಳದಲ್ಲಿ ಒಂದು ಗುಟುಕು ಉಳಿದಿತ್ತು. "ಗಿಡ ಸತ್ತಿದ್ದು ಹೇಳ್ದೆ ಒಲೆಗೆ ಯಾಕಮ್ಮ ಹಾಕಿದ್ರಿ?"

"ಹೇಳೀವ್ರಿ. ನಿನಗೇನ್ ತಿಳೀತೈತಿ ಅಂದ್ರು. ಒಲಿಗೆ ನಾ ಹಾಕಿಲ್ರಿ. ನಾ ಪುಳ್ಳಿ ತರಬೌದು, ಒಲಿ ಮುಟ್ಟಂಗಿಲ್ಲ. ಹಾಕಿದವ್ರು ಮುಕಾದಮ್ರು. ನಾ ಯಾಕ ಒಲಿ ಮುಟ್ಟಬಾರದಂತ ಅವರನ್ನ ಕೇಳ್ರಿ."

ಕರಬಸಪ್ಪ ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತ.

ಮೇಡಂ ಅವನನ್ನು ಕೇಳಲಿಲ್ಲ. ಸತ್ತ ಗಿಡದ ಬಗ್ಗೆ ಎಷ್ಟು ಪ್ರಶ್ನೆ ಬಂದವು! ಈ ಒಂದು ಪ್ರಶ್ನೆಗೆ ಮೇಡಂ ಕೈಗಡಿಯಾರ ನೋಡಿದರು. ಗುಡ್ಡ ಇಳಿದು, ಜೀಪಿನಲ್ಲಿ ಕೂತು ಸಾಹೇಬರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಧೂಳು ಎದ್ದಿತು, ಜೀಪು ಹೋಯಿತು.

ಜೆಸಿಬಿ ಬರಲಿಲ್ಲ. ಕರಬಸಪ್ಪ ನನಗೆ ಕೆಲಸ ಇಲ್ಲ ಎಂದ. ಮುದಕವ್ವತ್ತಿ, ಶಾಹೀನ, ಉಳಿದ ಹತ್ತೂ ಮಂದಿ ತಮಗೂ ಕೆಲಸ ಬೇಡ ಎಂದರು.

ಹದಿನೈದು ದಿನಕ್ಕೆ ಒಂದು ದೊಡ್ಡ ತಗಡಿನ ಬೋರ್ಡ್ ಬಂತು. ನೀಲಾ ಹೋಗಿ ಓದಿಕೊಂಡು ಬಂದಳು. ಮೇಲೆ ಸಂಜಯ ಸಾಹೇಬರ ಹೆಸರು. ನಡುವೆ: 'ಬೇರಿನಿಂದ ತಾನೇ ಬೆಳೆದ ಕಾಡು, ಹಸಿರು ಹೊದಿಕೆಯ ಯಶಸ್ವಿ ಪ್ರಯೋಗ.' ಎಲ್ಲಕ್ಕಿಂತ ಕೆಳಗೆ, ಕೆಂಪಕ್ಷರದಲ್ಲಿ: 'ಪ್ರವೇಶವಿಲ್ಲ.'

"ಅವ್ವಾ, ತಾನ ಬೆಳದೈತಿ ಅಂದಮ್ಯಾಲ ಇವ್ರ ಪ್ರಯೋಗ ಏನು?" ಎಂದಳು.

"ತಾನ ಬೆಳದದ್ದನ್ನ ತನ್ನದು ಅನ್ನೋದ ಪ್ರಯೋಗ," ಎಂದೆ.

ಬೋರ್ಡಿಗೆ ಕಬ್ಬಿಣದ ಕಾಲು ಬಂದಿರಲಿಲ್ಲ. ಎರಡು ಕಟ್ಟಿಗೆ ಕಂಬ ಹುಗಿದು ನಿಲ್ಲಿಸಬೇಕು. ಕರಬಸಪ್ಪ ತಾನೇ ಹಾರೆ ಎತ್ತಿದನಂತೆ. ನಾಲ್ಕನೇ ಪೆಟ್ಟಿಗೆ ಅಂಗೈ ನೋಡಿಕೊಂಡನಂತೆ. ಸಂಜೆಗೆ ಕೇರಿಗೆ ಬಂದ. ಈ ಸಲ ಒಳಗೆ, ನನ್ನ ಹೊಸ್ತಿಲವರೆಗೆ.

"ನಾಳಿ ಬರ್ರೆವಾ. ಎರಡ ತಗ್ಗು."

"ಬರ್ತೇವಿ. ಚಾ ನಾ ಕಾಸ್ತೇನಿ."

ಅವನು ಗೋಡೆ ನೋಡಿದ. ಆಡು ನೋಡಿದ. ತನ್ನ ಅಂಗೈ ನೋಡಿದ.

"ಕಾಸು," ಎಂದ.

ಮರುದಿನ ಮೂರು ಕಲ್ಲಿನ ಒಲೆ ನಾನೇ ಹೂಡಿದೆ. ಎಲ್ಲರ ಲೋಟಕ್ಕೂ ಹತ್ತಿರದಿಂದ ಬಗ್ಗಿಸಿದೆ, ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಕರಬಸಪ್ಪ, "ನನಗ ಬ್ಯಾಡ, ಪಿತ್ತ ಆಗೈತಿ" ಎಂದ. ಅಂದಿನಿಂದ ನಾವು ಕೆಲಸಕ್ಕೆ ಹೋದ ದಿನವೆಲ್ಲ ಅವನಿಗೆ ಪಿತ್ತ.

ಕಂಬ ಕಡಿದು ತಂದವಳು ಮುದಕವ್ವತ್ತಿ. ಹಸಿ ಹಾಲವಾಣ, ಎರಡು. ಒಂದೂವರೆ ಅಡಿ ತಗ್ಗು, ಅವರು ಕಲಿಸಿದ ಅಳತೆಗೇ ತೋಡಿದೆವು. ಕಂಬ ನಿಲ್ಲಿಸಿದೆವು, ಮಣ್ಣು ತುಳಿದೆವು. ಶಾಹೀನ ಎರಡು ಕೊಡ ನೀರು ಹೊತ್ತು ತಂದು ಬುಡಕ್ಕೆ ಹಾಕಿದಳು.

"ಕಂಬಕ್ಕ ಯಾಕಬೇ ನೀರು?" ಎಂದ ಕರಬಸಪ್ಪ.

"ಮಣ್ಣು ಗಟ್ಟಿ ಆಗಲಿ ಅಂತರಿ."

ಮಳೆ ಹಿಡಿಯಿತು. ಶ್ರಾವಣ ಬರುವುದರೊಳಗೆ ಬೋರ್ಡ್ ಚಿಗುರಿತು. ಎಡಗಡೆ ಕಂಬಕ್ಕೆ ನಾಲ್ಕು ಕುಡಿ, ಬಲಗಡೆಗೆ ಆರು. ಹಾಲವಾಣದ ಎಲೆ ಅಗಲ. ಮೊದಲು 'ವಿಲ್ಲ' ಹೋಯಿತು. ಎಂಟು ದಿನದಲ್ಲಿ ಕೆಂಪಕ್ಷರ ಪೂರಾ ಹೋಯಿತು. ಸಾಹೇಬರ ಹೆಸರು ಮಾತ್ರ ಎಲೆಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಅದರ ಕೆಳಗೆ ಹಾದು ನಾವು ದಿನಾ ಪುಳ್ಳಿಗೆ ಹೋಗುತ್ತೇವೆ, ಬರುತ್ತೇವೆ.

ಸಾಹೇಬರು ಜೀಪಿನಿಂದ ನೋಡಿ ಫೋನ್ ಮಾಡಿರಬೇಕು. ಮೊನ್ನೆ ಕರಬಸಪ್ಪ ಕುಡಗೋಲು ಹಿಡಿದು ಬೋರ್ಡಿನ ಬುಡಕ್ಕೆ ಬಂದ. ನಾನು ಪುಳ್ಳಿ ಹೊರೆ ಹೊತ್ತು ಇಳಿಯುತ್ತಿದ್ದೆ. ಅವನು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಕುಡಿಗೆ ಬಿಲ್ಲೆ ಇತ್ತು. ಒಂದೊಂದಕ್ಕೆ ಒಂದೊಂದು. ಸಾವಿರದ ನಾನೂರಾ ನಲವತ್ತೊಂದರಿಂದ ಸಾವಿರದ ನಾನೂರಾ ಐವತ್ತರವರೆಗೆ. ಸಂಸ್ಥೆಯ ತಗಡು, ಸಂಸ್ಥೆಯ ತಂತಿ.

ಅವನು ನನ್ನ ಕಡೆ ನೋಡಿದ. ನಾನು ಹೊರೆ ಇಳಿಸದೆ, ದಾರಿ ಬಿಟ್ಟು ಸರಿಯದೆ, ಅಲ್ಲೇ ನಿಂತು ಹೇಳಿದೆ:

"ಮುಟ್ಟಬ್ಯಾಡ್ರಿ, ಮುಕಾದಮ್ರ."